ನೇರಪ್ರಸಾರ

ಫೋನಿನಲ್ಲಿ ಚಪ್ಪಾಳೆ ಮೊಳಗಿದಾಗ ಟಿವಿಯಲ್ಲಿ ಆಟಗಾರ ಇನ್ನೂ ಚೆಂಡಿಗೆ ಕೋಲು ತಾಗಿಸಿರಲಿಲ್ಲ. ದರ್ಜಿಗೆ ಹೊಟ್ಟೆ ಉರಿಯಿತು. ಗಾಲ್ಫ್ ಹುಚ್ಚು ಅವನಿಗೂ ಫೋನಿನಲ್ಲಿದ್ದ ಷಡ್ಡಕನಿಗೂ ಇತ್ತು. ವಿಮಾನ ಹತ್ತಿ ಹೋಗಿ, ಅಲ್ಲಿನ ಸಂಜೆ ಬಿಸಿಲಿನಲ್ಲಿ ಮೈದಾನದಲ್ಲೇ ನಿಂತು ನೋಡುವ ಯೋಗ ಮಾತ್ರ ಷಡ್ಡಕನದು. ಇಲ್ಲಿ ಈಗಷ್ಟೇ ಬೆಳಗಾಗಿ, ಇವನು ಹಲ್ಲೂ ಉಜ್ಜಿರಲಿಲ್ಲ. ಗೆಲುವಿನ ಸುದ್ದಿ ಕೂಡ ಅವನಿಗೇ ಮೊದಲು ಸಿಗಬೇಕೇ?

“ಷಡ್ಡಕರೇ, ಚೆಂಡು ಗುಳಿಗೆ ಬಿತ್ತಂತೆ,” ಎಂದು ಗದ್ದಲದ ನಡುವೆ ಅವನ ದನಿ ಬಂತು. “ನನಗೆ ಬೆಳಗಿಂದ ಬರೀ ಮುಂದಿರೋರ ತಲೆ ಕಾಣ್ತಿದೆ. ಹೇಗೆ ಬಿತ್ತು, ಟಿವೀಲಿ ನೋಡಿ ಹೇಳಿ.”

ಪರದೆಯ ಮೇಲೆ ಚೆಂಡು ಗುಳಿಯ ಅಂಚಿನಲ್ಲಿ ಒಂದು ಸುತ್ತು ಹಾಕಿ, ಮೆಲ್ಲಗೆ ಒಳಗಿಳಿಯಿತು. ದರ್ಜಿ ಕಣ್ತುಂಬ ನೋಡಿದ. ಆಮೇಲೆ ರಿಮೋಟ್ ಒತ್ತಿ ದನಿ ಅಡಗಿಸಿದ.

“ಅಯ್ಯೋ, ಈಗಷ್ಟೇ ಕರೆಂಟ್ ಹೋಯ್ತಲ್ಲ.”

ಅಡುಗೆಮನೆಯಲ್ಲಿ ಹೆಂಡತಿ ಮಿಕ್ಸಿ ಹಾಕಿದಳು.