ಕರ ಬೀಳದ ಮನೆ

"ಹೊಸಾ ರಸ್ತಾದ ಕರ ಈ ಮನಿಗೆ ಬರೂದಿಲ್ರಿ," ಎಂದು ಮನೆ ಮಾರಲು ನಿಂತಿದ್ದ ಕಾಂತು ಎರಡನೆಯ ಸಲ ಹೇಳಿದಾಗ, ಮನೆ ಕೊಳ್ಳಲು ಬಂದಿದ್ದ ಶಮಾಳ ಕೈಯಲ್ಲಿದ್ದ ನೀರಿನ ಲೋಟ ಬಾಯಿಯ ಹತ್ತಿರ ಬಂದು ನಿಂತಿತು. ಸಿಂದಗಿಯ ಆ ಓಣಿಯಲ್ಲಿ ಉಳಿದ ಮನೆಗಳಿಗೆಲ್ಲ ಆ ಕರ ಬಿದ್ದಿತ್ತು. ಎಲ್ಲರ ಮುಂದಿನ ಕಟ್ಟೆಗೂ ಕೆಂಪು ಗೆರೆ ಎಳೆದಿದ್ದರು. ರಸ್ತೆ ಅಗಲ ಮಾಡುವಾಗ ಆ ಗೆರೆಯವರೆಗೆ ಒಡೆಯುತ್ತಾರೆ. ತಿರುವಿನಲ್ಲಿ ಓಣಿಗೆ ಚಾಚಿಕೊಂಡಿದ್ದ ಈ ಮನೆಯ ಕಟ್ಟೆಗೆ ಮಾತ್ರ ಗೆರೆಯಿಲ್ಲ.

"ನಮ್ಮ ನಸೀಬ ಚಲೋ ಐತಿ ನೋಡು," ಎಂದು ಅವಳ ಗಂಡ ಯಾಸೀನ ನಕ್ಕ.

"ಯಾಕ್ ಬರೂದಿಲ್ರಿ?" ಶಮಾ ಕೇಳಿದಳು.

"ಬರೂದಿಲ್ಲಂದ್ರ ಬರೂದಿಲ್ರಿ. ಬೇಕಾದ್ರ ಪುರಸಭಿಗೆ ಹೋಗಿ ಕೇಳ್ರಿ, ನಾ ಏನ್ ಸುಳ್ಳ ಹೇಳಾಕತ್ತಿಲ್ಲ." ಕಾಂತು ಅವಳ ಮುಖ ನೋಡಲಿಲ್ಲ.

ಅವಳು ಲೋಟ ಹಿಡಿದುಕೊಂಡೇ ಒಳಗೆ ನಡೆದಳು. ಪಡಸಾಲೆಯ ಗೋಡೆಗೆ ಹಳೆಯ ಕೊಳೆ, ಅಡುಗೆಮನೆಯ ಗೋಡೆಗೆ ಹೊಗೆಯ ಮಸಿ. ಕಟ್ಟಕಡೆಯ ಹಿತ್ತಲ ಗೋಡೆಗೆ ಮಾತ್ರ ಹೊಸ ಸುಣ್ಣ. ಮನೆ ಮಾರುವವರು ಮುಂದಿನ ಗೋಡೆಗಲ್ಲವೇ ಸುಣ್ಣ ಹಚ್ಚುವುದು? ಅವಳು ಲೋಟದ ನೀರನ್ನು ಅಂಗೈಗೆ ಸುರಿದುಕೊಂಡು ಗೋಡೆಯನ್ನು ತಿಕ್ಕಿದಳು. ಎಣ್ಣೆ ಬಣ್ಣದ ಮೇಲೆ ಬಳಿದ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಕಳಚಿ ಬಂತು. ಅದರಡಿ, ಕಟ್ಟೆಗಳ ಮೇಲಿದ್ದಂಥದೇ ಕೆಂಪು ಗೆರೆ.

ಕಾಂತು ಸುಳ್ಳು ಹೇಳಿರಲಿಲ್ಲ. ಕರ ಬೀಳಬೇಕಾದರೆ ಮನೆಯೊಂದು ಉಳಿಯಬೇಕಲ್ಲ.

ಶಮಾ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಿಂದ ಯಾಸೀನನ ಹಿಗ್ಗಿನ ದನಿ ಕೇಳಿಸಿತು:

"ಹಿಡೀರಿ ಕಾಂತಣ್ಣಾ, ಸಂಚಕಾರದ ರೊಕ್ಕ."