ಕೇಳದೆ ಕುಣಿದವರು

ಆತ ಬಾಯಿ ತೆರೆದ. ವಿನಿಫ್ರೆಡ್ ಕೈ ಎತ್ತಿದಳು. ಪಿಟೀಲು ಶುರುವಾಯಿತು.

ಬಾಯಿ ಮುಚ್ಚಿತು.

ಭಾನುವಾರ ಮಧ್ಯಾಹ್ನ ಮೂರೂ ಹತ್ತು. ಇನ್ನು ಐವತ್ತು ನಿಮಿಷ ಈ ಮನುಷ್ಯನಿಗೆ ಮಾತಾಡಲು ಬಿಡದಿದ್ದರೆ ಬಯಲು ಉಳಿಯಿತು.

ಇಂಗ್ಲೆಂಡಿನ ಕಾನೂನು ಸರಳ. ಊರ ಜನ ಒಂದು ಬಯಲಿನಲ್ಲಿ ಇಪ್ಪತ್ತು ವರ್ಷ, ಯಾರನ್ನೂ ಕೇಳದೆ, ಜಗಳವಿಲ್ಲದೆ, ಎಲ್ಲರೆದುರು ಆಡಿ ಕುಣಿದರೆ ಅದು ಊರಬಯಲೆಂದು ದಾಖಲಾಗುತ್ತದೆ. ಒಡೆಯ ಅಲ್ಲಿ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಆದರೆ ಅಷ್ಟರೊಳಗೆ ಒಡೆಯ ಒಂದೇ ಒಂದು ಸಲ ಒಪ್ಪಿಗೆ ಕೊಟ್ಟುಬಿಟ್ಟರೆ ಅಷ್ಟೂ ವರ್ಷ ನೀರುಪಾಲು.

ದೊಡ್ಮನೆಯ ಒಡೆಯರ ವಂಶ ಬೇಲಿ ಹಾಕಿ ನುಂಗದೆ ಬಿಟ್ಟ ಕೊನೆಯ ತುಂಡು ಇದು. ಅಪ್ಪ ಸತ್ತ ಮೇಲೆ ಒಡೆಯನಾದ ಸರ್ ಲಯನೆಲ್‌ಗೆ ಇಲ್ಲಿ ಮೂವತ್ತು ಬಂಗಲೆ ಎಬ್ಬಿಸುವಾಸೆ. ಅವನ ಕೋವಿಗೆ ಹೆದರದ ಊರು ಈಗ ಅವನ ಔದಾರ್ಯಕ್ಕೆ ಹೆದರುತ್ತಿತ್ತು.

ವಿನಿಫ್ರೆಡ್ ಶಾಲೆಯ ಅಡುಗೆಯವಳಾಗಿದ್ದವಳು. ಮುನ್ನೂರು ವರ್ಷ ಹಳೆಯ ಕುಣಿತಗಳನ್ನು ಊರಿಗೆ ಕಲಿಸಿದವಳು. ಈ ಕಾನೂನು ಅವಳ ಕಣ್ಣಿಗೆ ಬಿದ್ದದ್ದು ನಾಲ್ಕು ವರ್ಷದ ಹಿಂದೆ, ಲೈಬ್ರರಿಯಲ್ಲಿ. ಅಂದೇ ಎರಡು ಸಾಲು ನಿಲ್ಲಿಸಿ ಕೇಳಿದ್ದಳು: "ಯಾರಾದ್ರೂ ದೊಡ್ಮನೆಗೆ ಹೋಗಿ ಅಪ್ಪಣೆ ಕೇಳಿದ್ರೇನ್ರೋ?" ಕುಣಿಯುವ ಇಪ್ಪತ್ನಾಲ್ಕು ತಲೆಗಳೂ ಅಡ್ಡಡ್ಡ ಆಡಿದ್ದವು.

ಇವತ್ತು ಕೊನೆಯ ಭಾನುವಾರ, ನಾಲ್ಕು ಗಂಟೆಗೆ ಇಪ್ಪತ್ತು ವರ್ಷ ತುಂಬುತ್ತದೆ. ಇವತ್ತೇ ಈ ಜೈಲ್ಸ್ ಎಂಬಾತ 'ನಾನೂ ಕಲಿಯಬೇಕು' ಎನ್ನುತ್ತ ಬಂದ. ಕೋಟಿನ ಜೇಬಿನಿಂದ ದೊಡ್ಮನೆಯ ಮುದ್ರೆಯ ಲಕೋಟೆ ಇಣುಕುತ್ತಿತ್ತು. ಬ್ರೆಡ್ ಅಂಗಡಿಯ ಡಾಟ್ ಅವನ ಕೈ ಹಿಡಿದು ಸಾಲಿಗೆ ಎಳೆದಳು. ಸಂಗೀತದ ಮಧ್ಯೆ ಮಾತಾಡುವಷ್ಟು ಒರಟನಲ್ಲ ಅವನು. ಅದೇ ಅವನ ದುರದೃಷ್ಟ.

ಪಿಟೀಲು ನುಡಿಸುವ ಕತ್‌ಬರ್ಟ್‌ಗೆ ಎಪ್ಪತ್ತೊಂಬತ್ತು. ಚರ್ಚಿನ ಗಂಟೆ ನಾಲ್ಕು ಹೊಡೆಯುವವರೆಗೆ ನಿಲ್ಲಿಸಬೇಡ ಎಂದಷ್ಟೇ ಅವನಿಗೆ ಹೇಳಿದ್ದರು. ಅವನು ಯಾಕೆಂದು ಕೇಳಲಿಲ್ಲ. "ಹೊಸಬರಿಗೆ ಬೇಜಾರಾಗಲ್ಲ ತಾನೆ?" ಎಂದು ಮಾತ್ರ ಕೇಳಿದ.

ಬಲಗೈ ಕೊಡು, ಎಡಗೈ ಕೊಡು, ಒಂದು ಜೋಡಿ ಕೆಳಗಿಳಿ. ಸುತ್ತು ಮುಗಿದಾಗಲೆಲ್ಲ ಜೈಲ್ಸ್ ಎದುರು ಹೊಸ ಮುಖ.

"ಒಂದ್ನಿಮಿಷ, ನಾನು..."

"ಎಡಕ್ಕೆ ಸಾರ್, ಎಡಕ್ಕೆ! ಅಷ್ಟು ಓದ್ಸಿದೋರು ಎಡ ಬಲ ಹೇಳ್ಕೊಡ್ಲಿಲ್ವಾ?"

ಕತ್‌ಬರ್ಟ್‌ನ ತೋಳು ಸೋತಿತ್ತು. ಕಮಾನು ನಿಲ್ಲಲಿಲ್ಲ.

ಗಂಟೆ ನಾಲ್ಕು ಹೊಡೆಯಿತು. ವಿನಿಫ್ರೆಡ್ ಕೈ ಇಳಿಸಿದಳು. "ಈಗ ಮಾತಾಡಿ ಸಾರ್. ಎಷ್ಟು ಬೇಕಾದ್ರೂ ಮಾತಾಡಿ."

ಜೈಲ್ಸ್ ಏದುಸಿರು ಬಿಡುತ್ತ ಲಕೋಟೆ ತೆಗೆದ. "ನೀವಿಲ್ಲಿ ಕುಣಿಯೋಕೆ ಸರ್ ಲಯನೆಲ್ ಅವರ ಒಪ್ಪಿಗೆ..."

"ಮಡಚಿ ಇಟ್ಕೊಳ್ಳಿ. ಇಪ್ಪತ್ತು ವರ್ಷ ತುಂಬ್ತು."

ಬಯಲು ಕೇಕೆ ಹಾಕಿತು. ಡಾಟ್ ಅತ್ತೇ ಬಿಟ್ಟಳು.

ಜೈಲ್ಸ್ ಮುಖ ಕಪ್ಪಿಟ್ಟಿತು. "ಇನ್ನೊಬ್ಬರ ಜಾಗದಲ್ಲಿ ಇಷ್ಟು ವರ್ಷ ಕುಣಿದ್ರಲ್ಲ, ಒಂದ್ಮಾತು ಕೇಳ್ಬೇಕು ಅಂತ ಒಬ್ಬರಿಗೂ ಅನ್ನಿಸ್ಲಿಲ್ವಾ? ಇಷ್ಟೇನಾ ನಿಮ್ಮ ಮರ್ಯಾದೆ?"

ಕತ್‌ಬರ್ಟ್ ಎದ್ದು ನಿಂತ. ಅವನು ದನಿ ಎತ್ತಿದ್ದನ್ನು ಊರು ಕೇಳಿದ್ದು ಅದೇ ಮೊದಲು.

"ಬಾಯಿಗೆ ಬಂದಂಗೆ ಆಡ್ಬೇಡಿ ಸ್ವಾಮಿ! ಮೊದಲನೇ ಭಾನುವಾರವೇ ನಾನು ದೊಡ್ಮನೆ ಬಾಗಿಲು ತಟ್ಟಿ ಕೇಳಿದೀನಿ. 'ಧಾರಾಳವಾಗಿ ಕುಣೀರಿ' ಅಂತ ಸರ್ ಲಯನೆಲ್ ಅವರಪ್ಪ ಬರ್ಕೊಟ್ಟ ಕಾಗದ, ಕಟ್ಟು ಹಾಕ್ಸಿ ಗೋಡೆಗೆ ತಗ್ಲಾಕಿದೀನಿ, ಬನ್ನಿ ತೋರಿಸ್ತೀನಿ!"