ಮೂಲೆ ಮೇಜಿನ ಎಲೆ

ಇಂದ್ರಮ್ಮನ ಹೋಟೆಲಿನ ಬಾಗಿಲು ಮುಚ್ಚಿತ್ತು. ಮಧ್ಯಾಹ್ನ ಹನ್ನೆರಡೂವರೆ, ಮಾನಂತವಾಡಿಯಿಂದ ಕುಟ್ಟದ ಕಡೆ ಹೋಗುವ ಮರದ ಲಾರಿಗಳು ಊಟಕ್ಕೆ ನಿಲ್ಲುವ ಹೊತ್ತು. ಈ ಹೊತ್ತಿನಲ್ಲಿ ಅದು ಮುಚ್ಚಿದ್ದನ್ನು ಭಾಸ್ಕರನ್ ಎಂದೂ ಕಂಡಿರಲಿಲ್ಲ.

ಬೇಗೂರು ಕಾಡಿನ ಅಂಚಿನ ಬಿದಿರುಮೆಳೆಯಲ್ಲಿ ಕೂತು ಅರ್ಧ ಗಂಟೆ ನೋಡಿದ. ಎರಡು ದಿನದಿಂದ ಹೊಟ್ಟೆಗೆ ಬಿದ್ದದ್ದು ಹೊಳೆಯ ನೀರು ಮಾತ್ರ. ಸಂಜೆಯೊಳಗೆ ಗಡಿ ದಾಟಿ ಕೊಡಗು ಸೇರಿಕೊಳ್ಳಬೇಕು. ಸಿಕ್ಕಿಬಿದ್ದರೆ ಸ್ಟೇಷನ್ನಿನವರೆಗೆ ಕರೆದೊಯ್ಯುವ ತೊಂದರೆಯನ್ನು ಪೊಲೀಸರು ತೆಗೆದುಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮೂರು ವರ್ಷದ ಹಿಂದೆ, ಇವನ ತಂಡ ಜಮೀನ್ದಾರನ ಕಣಜ ಒಡೆದು ಕೂಲಿಯಾಳುಗಳಿಗೆ ಭತ್ತ ಹಂಚಿದ ವಾರಕ್ಕೇ, ಇದೇ ಕಾಡಿನ ಅಡಗುತಾಣಕ್ಕೆ ಪೊಲೀಸರು ನುಗ್ಗಿದ್ದರು. ಜ್ವರದಲ್ಲಿ ನಡುಗುತ್ತಿದ್ದ ಸಂಗಾತಿ ಬಾಲನ್‌ಗೆ ಇವನು ತನ್ನ ಅಂಗಿ ತೊಡಿಸಿದ್ದ. ಮೊದಲ ಗುಂಡು ಬಾಲನ್‌ನ ಮುಖವನ್ನೇ ಕಿತ್ತೊಯ್ದಿತು. ಭಾಸ್ಕರನ್ ಹೊಳೆಗೆ ಹಾರಿ ತೇಲಿಹೋದ; ಅಂದಿನಿಂದ ಈ ಕಡೆ ಬಂದಿರಲಿಲ್ಲ. ಆ ಜಾಗ ಹೊರಗಿನವರಲ್ಲಿ ಗೊತ್ತಿದ್ದದ್ದು ಒಬ್ಬನಿಗೆ: ಅಕ್ಕಿ ಹೊತ್ತು ತರುತ್ತಿದ್ದ ಜವರಯ್ಯನಿಗೆ, ಇಂದ್ರಮ್ಮನ ಗಂಡನಿಗೆ.

ಆ ಅನುಮಾನವನ್ನು ಅವನು ಇಷ್ಟು ದಿನ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಮೈಸೂರು ಸೀಮೆಯಿಂದ ಬಂದು ನೆಲೆನಿಂತ ಆ ದಂಪತಿಗೆ ಮಕ್ಕಳಿರಲಿಲ್ಲ. ತಲಶ್ಶೇರಿ ಕಡೆಯ ಈ ಹುಡುಗನನ್ನು ಇಂದ್ರಮ್ಮ ಅವನ ಭಾಷೆಯಲ್ಲೇ ‘ಮೋನೇ’, ಮಗನೇ, ಎಂದು ಕರೆದು, ಬೇಡವೆಂದರೂ ಎಲೆಗೆ ಬಡಿಸುತ್ತಿದ್ದಳು.

ಹಿತ್ತಲ ಬಾಗಿಲ ಸಂದಿಗೆ ಬೆರಳು ತೂರಿಸಿ ಅಗಳಿ ಎತ್ತಿದ. ಒಲೆಯ ಮೇಲೆ ತುಂಬಿದ ಪಾತ್ರೆಗಳು. ಯಾರೂ ಉಂಡ ಗುರುತಿಲ್ಲ. ಊಟದ ಕೋಣೆಯಲ್ಲಿ ನೊಣಕ್ಕೋ ಏನೋ ಸಾಂಬ್ರಾಣಿ ಹೊಗೆ ಹಾಕಿದ್ದರು. ಬೆಂಚುಗಳೆಲ್ಲ ಖಾಲಿ. ಮೂಲೆ ಮೇಜಿನ ಮೇಲೆ, ಅವನು ಸದಾ ಕೂರುತ್ತಿದ್ದ ಕಡೆ, ಒಂದೇ ಒಂದು ಬಾಳೆ ಎಲೆ.

ರಾಗಿಮುದ್ದೆ. ನಾಟಿಕೋಳಿ ಸಾರು. ಹುರಿದ ಒಣಮೀನು. ಗ್ಲಾಸಿನಲ್ಲಿ ಸಾರಾಯಿ. ಅವನು ಸೇದುತ್ತಿದ್ದ ಬೀಡಿಯದೇ ಕಟ್ಟು. ಪಕ್ಕದಲ್ಲಿ ಮಡಿಕೆ ಬಿಚ್ಚದ ಹೊಸ ಲುಂಗಿ.

ಸಾರಿನಿಂದ ಇನ್ನೂ ಹಬೆ ಏಳುತ್ತಿತ್ತು.

ಕೈ ತಾನಾಗಿಯೇ ಹೋಯಿತು. ಒಂದು ತುಂಡು ಬಾಯಿಗಿಟ್ಟ. ಕಣ್ಣು ತುಂಬಿತು. ನುಂಗಿದ ಮೇಲೆ ಹೊಳೆಯಿತು: ತಾನು ಬರುವುದು ಇವರಿಗೆ ಹೇಗೆ ಗೊತ್ತಾಯಿತು?

ಮುಂಬಾಗಿಲಿನಾಚೆ ಜಗಲಿಯಲ್ಲಿ ಮಾತು ಕೇಳಿಸಿತು.

“ಇನ್ನೆಷ್ಟೊತ್ತು ಕಾಯಾದು? ಹೊಟ್ಟೆ ಚುರುಗುಟ್ತಾ ಐತೆ.” ಪರಿಚಯವಿಲ್ಲದ ದನಿ. ಬಾಗಿಲ ಸಂದಿಯಲ್ಲಿ ಖಾಕಿ ತೋಳು ಕಂಡಿತು.

“ಮೆಲ್ಲಗೆ! ಸದ್ದಾದ್ರೆ ಬರಾಕಿಲ್ಲ ಅವ್ನು.” ಇದು ಜವರಯ್ಯ. “ಹೊತ್ತಿಗೆ ಸರಿಯಾಗಿ ಎಂದ್ ಬಂದಿದ್ದ ಅವ್ನು? ಬತ್ತಾನೆ. ಇಂದ್ರಿ ಕೈ ಸಾರು ಅಂದ್ರೆ ಎಲ್ಲಿದ್ರೂ ಬತ್ತಾನೆ. ಬಾಯಿ ಇಟ್ಮೇಲೇ ಬಾಗ್ಲು ತಗ್ಯಾದು.”

“ಪೂರಾ ಬಳ್ಕಂಡ್ ತಿಂದ್ಬುಟ್ರೆ ನನ್ ಗತಿ?”

“ನೀನು ಉಣ್ಣಾದು ನೋಡಿದ್ರೆ ಅವ್ನೇ ಹೆದರ್ಕಂಡು ಓಡ್ತಾನೆ. ಸುಮ್ಕಿರು.”

ಭಾಸ್ಕರನ್ ಸೊಂಟದ ಚೂರಿ ತೆಗೆದ. ಹಿಂದೆ ಬಯಲು ಗದ್ದೆ, ಮೊಣಕಾಲೆತ್ತರದ ಪೈರು; ಓಡಿದರೆ ಬೆನ್ನಿಗೇ ಗುಂಡು. ಬಾಗಿಲ ಮರೆಗೆ ಸರಿದ. ಮುಖವಿಲ್ಲದ ಬಾಲನ್ ಕಣ್ಣೆದುರು ಬಂದು ನಿಂತ.

ಬಾಗಿಲು ತೆರೆಯಿತು. ಜವರಯ್ಯ ಒಳಗೆ ಕಾಲಿಟ್ಟ, ಬಲಗೈಯಲ್ಲಿ ಮಚ್ಚು. ಬೇರೆಲ್ಲೂ ನೋಡದೆ ನೇರ ಎಲೆಯತ್ತ ನೋಡಿದ. ಕಲಕಿದ ಸಾರು ಕಂಡು ಅವನ ಮುಖ ಅರಳಿತು.

“ಇಂದ್ರೀ! ಮುಟ್ಟವ್ನೆ ಕಣೇ! ತಿಂದವ್ನೆ!”

ಆ ಗೆಲುವಿನ ಕೂಗು ಸಾಕಾಯಿತು. ಚೂರಿ ಪಕ್ಕೆಲುಬಿನ ಕೆಳಗೆ ಹಿಡಿಯವರೆಗೂ ಇಳಿಯಿತು. ಎಳೆದು, ಮತ್ತೆ ಕುತ್ತಿಗೆಗೆ ಇರಿದ. ಬಿಸಿ ರಕ್ತ ಅವನ ಮೊಣಕೈವರೆಗೆ ಹರಿಯಿತು. ಮುದುಕ ತಿರುಗಿ ನೋಡಿದ. ಕಣ್ಣು ಅಗಲವಾಯಿತು. ಏನೋ ಹೇಳಲು ಹೊರಟ ಬಾಯಲ್ಲಿ ರಕ್ತದ ಗುಳ್ಳೆ ಒಡೆಯಿತು. ಮೇಜಿಗೆ ತಗುಲಿ, ಎಲೆಯನ್ನೂ ಸೆಳೆದುಕೊಂಡು ಬಿದ್ದ. ಮಚ್ಚು ಕಳಚಿತು. ಎಡಗೈಯಿಂದ ತೆಂಗಿನಕಾಯಿಯೊಂದು ಉರುಳಿ ಗೋಡೆಗೆ ಹೋಗಿ ನಿಂತಿತು.

“ಭಾವಾ!”

ಖಾಕಿಯವನು ಹೊಸ್ತಿಲಲ್ಲೇ ಕುಸಿದ. ಲಾರಿ ಡ್ರೈವರನ ಅಂಗಿ. ಕೈಯಲ್ಲಿ ಕೋವಿಯಿರಲಿಲ್ಲ, ಕರ್ಪೂರದ ಪೊಟ್ಟಣವಿತ್ತು.

ಇಂದ್ರಮ್ಮ ಅವನನ್ನು ದಾಟಿ ಒಳಗೆ ಬಂದಳು. ಗಂಡನ ರಕ್ತದಲ್ಲಿ ಮಂಡಿಯೂರಿ, ಭಾಸ್ಕರನ್ ಕಡೆ ಮುಖವೆತ್ತಿ, ಎರಡೂ ಕೈ ಜೋಡಿಸಿದಳು.

“ಯಾಕಪ್ಪಾ ಈ ಸಿಟ್ಟು, ಮೋನೇ? ಪೊಲೀಸ್ನೋರು ಕಾಡಲ್ಲಿ ಬಿಟ್ಟೋದ ನಿನ್ ಹೆಣ ಹೊತ್ತು ತಂದು ಮಣ್ ಮಾಡ್ದೋರು ಅವ್ರೇ ಅಲ್ವಾ? ಮೂರ್ ವರ್ಸದಿಂದ ಮಾಲಯ ಅಮಾಸೆಗೆ ತಪ್ದೆ ನಿಂಗೆ ಎಡೆ ಇಟ್ಟಿದೀವಲ್ಲ, ಏನ್ ಕಮ್ಮಿ ಆಯ್ತು?”